ಲೋಹದ ಹೊಟ್ಟೆಯೊಳಗಿನ ತೂತು

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)

ಕಂಪ್ಯೂಟರ್ ಬಗ್ಗೆ ಮಾತಾಡಲು ಹೇಳಿದ್ದಾರೆ. ನಾನು ಲೋಹದ ಬಗ್ಗೆ ಮಾತಾಡುತ್ತೇನೆ. ಯಾಕಂದರೆ ನಾವು ಬರೆಯುವ ಪ್ರೋಗ್ರಾಮಿನ ಕೆಲಸ, ಲೋಹದ ಎಕ್ಸ್-ರೇ ಚಿತ್ರಗಳಲ್ಲಿ ತೂತು ಹುಡುಕುವುದು.

2024ರ ಮೇ 9ರಂದು ಇಸ್ರೋ ಸಂಸ್ಥೆ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಒಂದು ಎಂಜಿನ್ನನ್ನು 665 ಸೆಕೆಂಡು ಉರಿಸಿ ಪರೀಕ್ಷಿಸಿತು. ಅದು ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್. ಮೊದಲು ಅದನ್ನು 14 ಭಾಗ ಸೇರಿಸಿ ಕಟ್ಟುತ್ತಿದ್ದರು. ಈ ಸಲ ಒಂದೇ ತುಂಡಾಗಿ ತ್ರೀಡಿ ಪ್ರಿಂಟ್ ಮಾಡಿದ್ದು ನಮ್ಮ ಬೆಂಗಳೂರಿನ ವಿಪ್ರೋ ತ್ರೀಡಿ. 19 ಬೆಸುಗೆಗಳು ತಪ್ಪಿದವು. 565 ಕೆ.ಜಿ. ಲೋಹ ಬೇಕಾಗುತ್ತಿದ್ದಲ್ಲಿ 13.7 ಕೆ.ಜಿ. ಪುಡಿ ಸಾಕಾಯಿತು.

ಪ್ರಿಂಟ್ ಅಂದರೆ ಕಾಗದದ ಮೇಲಲ್ಲ. ಲೋಹದ ಸಣ್ಣ ಪುಡಿಯನ್ನು ತೆಳುವಾಗಿ ಹರಡುತ್ತಾರೆ. ಒಂದು ಪದರು ನಮ್ಮ ಕೂದಲಿನ ದಪ್ಪಕ್ಕಿಂತ ಹೆಚ್ಚಿರುವುದಿಲ್ಲ. ಬೇಕಾದ ಕಡೆ ಮಾತ್ರ ಲೇಸರ್ ಹಾಯಿಸಿ ಕರಗಿಸುತ್ತಾರೆ, ಮತ್ತೆ ಪುಡಿ, ಮತ್ತೆ ಲೇಸರ್. ಹೀಗೆ ಸಾವಿರಾರು ಪದರು.

ಪೇಪರಿನಲ್ಲಿ ಬೆಸುಗೆ ತಪ್ಪಿದ್ದನ್ನೇ ದೊಡ್ಡದಾಗಿ ಬರೆದರು. ನಿಜ ಹೇಳಬೇಕೆಂದರೆ, ಲೇಸರ್ ಹಾಯ್ದ ಪ್ರತಿಯೊಂದು ಗೆರೆಯೂ ಒಂದು ಬೆಸುಗೆಯೇ. 19 ಬೆಸುಗೆ ಹೋಗಿ ಇಡೀ ವಸ್ತುವೇ ಬೆಸುಗೆಯಾಯಿತು. ಮೊದಲು ದೋಷ ಎಲ್ಲಿರಬಹುದು ಅಂತ ಗೊತ್ತಿತ್ತು. ಈಗ ಒಳಗೆ ಎಲ್ಲಿ ಬೇಕಾದರೂ ಇರಬಹುದು.

ಇದು ನಮ್ಮ ಊರಿನ ವೆಲ್ಡಿಂಗ್ ಅಂಗಡಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ರಾಡು ಹಸಿಯಾದರೆ ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ. ಲೋಹದ ಪುಡಿ ಹಸಿಯಾದರೂ ಹಾಗೇ. ಲೇಸರಿನ ಶಾಖ ಕಡಿಮೆಯಾದರೆ ಎರಡು ಪದರು ಕೂಡದೆ ನಡುವೆ ಚಪ್ಪಟೆ ಬಿರುಕು ಉಳಿಯುತ್ತದೆ. ಹೆಚ್ಚಾದರೆ ಲೋಹ ಕುದಿದು ಆಳದಲ್ಲಿ ಗುಳ್ಳೆ ಸಿಕ್ಕಿಬೀಳುತ್ತದೆ. ಇವೆರಡರಲ್ಲಿ ಚಪ್ಪಟೆ ಬಿರುಕೇ ಕೆಟ್ಟದ್ದು. ಅದರ ಅಂಚು ಚೂಪಾಗಿರುತ್ತದೆ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ, ಹತ್ತಾರು ಸಲ ಹಿಂದೆ-ಮುಂದೆ ಮಾಡಿದರೆ ಮುರಿಯುತ್ತದೆ. ವಿಮಾನದ ಭಾಗವಿರಲಿ, ಸೊಂಟದ ಕೃತಕ ಕೀಲಿರಲಿ, ಅವು ಲಕ್ಷಗಟ್ಟಲೆ ಸಲ ಹೀಗೆ ಎಳೆತ-ಒತ್ತಡ ತಿನ್ನುತ್ತವೆ. ಮುರಿತ ಶುರುವಾಗುವುದು ಆ ಚೂಪು ಅಂಚಿನಿಂದ.

ಕಾಣದ್ದನ್ನು ಹುಡುಕುವುದು ಹೇಗೆ? ಮೊದಲ ದಾರಿ ಒಂಬತ್ತನೇ ತರಗತಿಯ ಪಾಠದಲ್ಲೇ ಇದೆ. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗುವುದು. ಆರ್ಕಿಮಿಡೀಸನ ತತ್ವದಿಂದ ಸಾಂದ್ರತೆ ಸಿಗುತ್ತದೆ, ಒಳಗೆ ಟೊಳ್ಳು ಎಷ್ಟಿದೆ ಅಂತ ತಿಳಿಯುತ್ತದೆ. ಎಲ್ಲಿದೆ ಅಂತ ತಿಳಿಯುವುದಿಲ್ಲ. ಅದಕ್ಕೆ ಕಲಬುರಗಿ ಆಸ್ಪತ್ರೆಗಳಲ್ಲಿ ತಲೆಗೆ ಮಾಡುತ್ತಾರಲ್ಲ, ಅದೇ ಸಿಟಿ ಸ್ಕ್ಯಾನ್. ನಮ್ಮ ಪ್ರೋಗ್ರಾಂ ಕೆಲಸ ಮಾಡುವುದು ಇಲ್ಲಿ. ಲೋಹ ದಪ್ಪವಾದಷ್ಟೂ ಚಿತ್ರ ಮಸುಕು, ಸಣ್ಣ ತೂತು ತಪ್ಪಿಸಿಕೊಳ್ಳುತ್ತದೆ.

ಸಿಕ್ಕ ತೂತನ್ನು ಮುಚ್ಚುವ ವಿದ್ಯೆ ನಮ್ಮ ಕಂಬಾರರದ್ದೇ ಅನ್ನಬಹುದು. ಕುಳವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿಯುತ್ತಾರೆ, ಲೋಹ ಕರಗದೆಯೇ ಒಳಗೊಳಗೆ ಒತ್ತಿಕೊಂಡು ಕೂಡುತ್ತದೆ. ಆದರೆ ಪ್ರಿಂಟ್ ಮಾಡಿದ ಭಾಗಕ್ಕೆ ಸುತ್ತಿಗೆ ಹಾಕಿದರೆ ಆಕಾರ ಕೆಡುತ್ತದೆ. ಅದಕ್ಕೆ ಸುತ್ತಿಗೆಯ ಬದಲು ಗಾಳಿ. ದಪ್ಪ ಗೋಡೆಯ ಪಾತ್ರೆಯಲ್ಲಿ ಭಾಗವನ್ನಿಟ್ಟು ಆರ್ಗಾನ್ ಅನಿಲ ತುಂಬಿ ಕಾಯಿಸುತ್ತಾರೆ. 1955ರ ಸುಮಾರಿಗೆ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಹುಟ್ಟಿದ ಈ ವಿಧಾನಕ್ಕೆ ಹಾಟ್ ಐಸೊಸ್ಟ್ಯಾಟಿಕ್ ಪ್ರೆಸ್ಸಿಂಗ್ ಅನ್ನುತ್ತಾರೆ. ಹೆಸರು ಉದ್ದ, 'ಹಿಪ್' ಅಂದರೆ ಸಾಕು. ಟೈಟಾನಿಯಂ ಮಿಶ್ರಲೋಹಕ್ಕೆ ಸುಮಾರು 920 ಡಿಗ್ರಿ ಸೆಲ್ಸಿಯಸ್ ಶಾಖ, ಗಾಳಿಯ ಸಾಮಾನ್ಯ ಒತ್ತಡದ ಸಾವಿರ ಪಟ್ಟು ಒತ್ತಡ, ಎರಡರಿಂದ ನಾಲ್ಕು ತಾಸು. ಸಾವಿರ ಪಟ್ಟು ಅಂದರೆ, ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ 10 ಕ್ವಿಂಟಲ್ ತೊಗರಿ ಹೇರಿದ ಹಾಗೆ. ಒತ್ತಡ ಎಲ್ಲಾ ದಿಕ್ಕಿನಿಂದ ಸಮನಾಗಿ ಬರುವುದರಿಂದ ಆಕಾರ ಉಳಿಯುತ್ತದೆ, ತೂತು ಮುಚ್ಚಿ ಅದರ ಗೋಡೆಗಳು ಒಂದಾಗುತ್ತವೆ.

ಇದನ್ನು ಎಲ್ಲಾ ರೋಗಕ್ಕೂ ಮದ್ದು ಅಂತ ಮಾರುವವರಿದ್ದಾರೆ. ನಂಬಬೇಡಿ. ತೂತಿನ ಬಾಯಿ ಮೇಲ್ಮೈಗೆ ತೆರೆದಿದ್ದರೆ ಅನಿಲ ಒಳಗೂ ಹೋಗುತ್ತದೆ, ಒಳಗೂ ಹೊರಗೂ ಒತ್ತಡ ಸಮ, ತೂತು ಇದ್ದಂತೆಯೇ ಇರುತ್ತದೆ. ಪ್ರಿಂಟ್ ಮಾಡುವಾಗ ಗುಳ್ಳೆಯಲ್ಲಿ ಆರ್ಗಾನ್ ಸಿಕ್ಕಿಕೊಂಡಿದ್ದರೆ ಅದು ಕುಗ್ಗುತ್ತದೆ ಅಷ್ಟೇ, ಮುಂದೆ ಜೋರಾಗಿ ಕಾಯಿಸಿದರೆ ಮತ್ತೆ ಉಬ್ಬಬಹುದು. ಮೇಲ್ಮೈಯ ಒರಟುತನವೂ ಹೋಗುವುದಿಲ್ಲ. ಅದನ್ನು ಬೇರೆಯಾಗಿ ಸಾಣೆ ಹಿಡಿಯಬೇಕು. ಆದ್ದರಿಂದ ಭಾಗದ ಪಕ್ಕದಲ್ಲೇ, ಅದೇ ಪುಡಿಯಿಂದ, ಒಂದೆರಡು ಸಣ್ಣ ಕಡ್ಡಿಗಳನ್ನೂ ಪ್ರಿಂಟ್ ಮಾಡಿ, ಜೊತೆಗೇ ಹಿಪ್ ಮಾಡಿ, ಆಮೇಲೆ ಎಳೆದು ಮುರಿದು, ಕೊಯ್ದು ನೋಡುತ್ತಾರೆ. ಅನ್ನ ಬೆಂದಿದೆಯೋ ಅಂತ ಒಂದು ಅಗುಳು ಹಿಸುಕಿದ ಹಾಗೆ.

ಹಿರಿಯರೊಬ್ಬರು ಬೆಳಿಗ್ಗೆ, "ತಮ್ಮಾ, ಟ್ರ್ಯಾಕ್ಟರ್ ಗೇರು ಹಿಂಗ ಮಾಡಾಕ ಬರ್ತದೇನು?" ಅಂತ ಕೇಳಿದರು. ಮಾಡಲು ಬರುತ್ತದೆ ಕಾಕಾ, ಆದರೆ ಬೆಲೆ ಕೇಳಿದರೆ ನೀವು ಎತ್ತೇ ಸಾಕು ಅನ್ನುತ್ತೀರಿ. ಸದ್ಯಕ್ಕೆ ಇದು ರಾಕೆಟ್ಟು, ವಿಮಾನ, ಆಸ್ಪತ್ರೆಗಳ ಕೆಲಸ.

ವಿದ್ಯಾರ್ಥಿಗಳಿಗೆ ಒಂದು ಮಾಹಿತಿ. ಇಂಥ ಕೆಲಸಕ್ಕೆ ಎಲ್ಲರೂ ಬಿ.ಇ. ಓದಬೇಕಿಲ್ಲ. ಪುಡಿ ಒಣಗಿಸುವವರು, ಯಂತ್ರ ನಡೆಸುವವರು, ಕಡ್ಡಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವವರು ಹೆಚ್ಚಾಗಿ ಐಟಿಐ, ಡಿಪ್ಲೊಮಾ ಮಾಡಿದವರು. ಕಲಬುರಗಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಲ್ಲಿ, ಎಸ್ಸೆಸ್ಸೆಲ್ಸಿ ಆದಮೇಲೆ ಸೇರುವ ಡಿಪ್ಲೊಮಾ ಇದೆ. ಎರಡು ಲೋಹದ ಕಡ್ಡಿ ತಂದಿದ್ದೇನೆ, ಒಂದರೊಳಗೆ ತೂತಿದೆ. ವಿಜ್ಞಾನದ ಸರ್ ತಕ್ಕಡಿ, ನೀರಿನ ಪಾತ್ರೆ ಕೊಡುತ್ತೇನೆ ಅಂದಿದ್ದಾರೆ. ಊಟದ ನಂತರ ಪ್ರಯೋಗಾಲಯಕ್ಕೆ ಬನ್ನಿ, ಯಾವುದು ಅಂತ ನೀವೇ ಕಂಡುಹಿಡಿಯಿರಿ.