ಗಾಲಿಕುರ್ಚಿ ಮತ್ತು ನಮ್ಮ ಮೆಟ್ಟಿಲುಗಳು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹಿಂದೆ ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಗಾಲಿಕುರ್ಚಿಯಲ್ಲಿ ಬರುತ್ತಿದ್ದಳು. ಬಾಗಿಲಲ್ಲಿ ಮೂರು ಮೆಟ್ಟಿಲು. ಗೆಳತಿಯರು ದಿನವೂ ಅವಳನ್ನು ಕುರ್ಚಿ ಸಮೇತ ಎತ್ತಿ ಒಳಗೆ ತರುತ್ತಿದ್ದರು. ಈ ಸೇವೆಯನ್ನು ನಾನು ಪ್ರಾರ್ಥನಾ ಸಭೆಯಲ್ಲಿ ಹೊಗಳಿದೆ. ಅಂದು ಸಂಜೆ ಅವಳು ಮೆಲ್ಲಗೆ ಹೇಳಿದಳು: "ಸರ್, ನಾನು ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಲು ಮತ್ತೆ ಎಲ್ಲರನ್ನೂ ಕರೆಯಬೇಕು."

ಮರುವರ್ಷ ಅವಳ ತರಗತಿ ಮೇಲಿನ ಮಹಡಿಗೆ ಹೋಯಿತು. ಅವಳು ಶಾಲೆ ಬಿಟ್ಟಳು. ತರಗತಿಯನ್ನೇ ಕೆಳಗೆ ತರಬಹುದಿತ್ತು. ಹಾಗೆಂದು ನಾನು ಕೇಳಲಿಲ್ಲ. ಅವಳ ಓದು ನಿಂತದ್ದು ಕಾಲಿನಿಂದಲ್ಲ, ಮೆಟ್ಟಿಲಿನಿಂದ.

ಗಾಲಿಕುರ್ಚಿ ಎಂದರೆ ಕನಿಕರದ ಗುರುತಲ್ಲ, ಓಡಾಟದ ಸಾಧನ. ಇಂದು ಕಾಣುವ ಮಡಚುವ ಕುರ್ಚಿಯ ಮೂಲ 1930ರ ದಶಕದ ಅಮೆರಿಕದಲ್ಲಿದೆ. ಗಣಿ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡ ಇಂಜಿನಿಯರ್ ಹರ್ಬರ್ಟ್ ಎವರೆಸ್ಟ್, ಕುರ್ಚಿಯನ್ನು ಕಾರಿನಲ್ಲಿ ಒಯ್ಯುವಂತಿರಬೇಕೆಂದು ಬಯಸಿದರು. ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ ಅದನ್ನು ರೂಪಿಸಿದರು. ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲೇ ಕ್ರೀಡಾಂಗಣಕ್ಕೆ ಇಳಿದು 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ದಾರಿ ಸಿಕ್ಕರೆ ಗಾಲಿಗಳು ಎಲ್ಲಿಯವರೆಗೆ ಹೋಗಬಲ್ಲವು ನೋಡಿ!

ವಿದ್ಯಾರ್ಥಿಗಳೇ, ಇದು ದಯೆಯ ಮಾತಷ್ಟೇ ಅಲ್ಲ, ಹಕ್ಕಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳು ಅವರಿಗೆ ಮೀಸಲು. ಆದರೆ ಬಾಗಿಲು ದಾಟಲಾಗದವರಿಗೆ ಸೀಟು ಕೊಟ್ಟು ಏನು ಪ್ರಯೋಜನ?

ಇಳಿಜಾರು ಕಟ್ಟುವ ಲೆಕ್ಕ ಸುಲಭ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಆರಾರು ಅಂಗುಲದ ಮೂರು ಮೆಟ್ಟಿಲಿಗೆ 18 ಅಡಿ. ಜಾಗ ಉಳಿಸಲು ಕಡಿದಾಗಿ ಕಟ್ಟಿದರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಇಳಿಜಾರಿನ ಜೊತೆಗೆ ಅಗಲ ಬಾಗಿಲಿನ, ಹಿಡಿಕೆಯಿರುವ ಶೌಚಾಲಯವೂ ಬೇಕು.

ಇನ್ನೊಂದು ಮಾತು. ಕೇಳದೆ ಯಾರ ಗಾಲಿಕುರ್ಚಿಯನ್ನೂ ತಳ್ಳಬೇಡಿ. ಅವರ ಬಗ್ಗೆ ಜೊತೆಯಲ್ಲಿದ್ದವರನ್ನು ಕೇಳಬೇಡಿ, ಅವರನ್ನೇ ಕೇಳಿ. ಕುಳಿತು, ಮುಖ ನೋಡಿ ಮಾತನಾಡಿ.

ಸದಸ್ಯರೇ, ಈ ಸಭಾಂಗಣದ ಬಾಗಿಲಲ್ಲೂ ಮೆಟ್ಟಿಲುಗಳಿವೆ, ಈ ವೇದಿಕೆಗೂ ಇವೆ. ಬರುವ ವಾರ್ಷಿಕ ಸಭೆಯೊಳಗೆ ಇಲ್ಲೊಂದು ಇಳಿಜಾರು ಆಗಲಿ. ಬಹುಮಾನ ಪಡೆಯಲು ಬರುವ ಮಗು ತಾನೇ ಗಾಲಿ ತಿರುಗಿಸಿಕೊಂಡು ಮೇಲೆ ಬರಲಿ. ಇಷ್ಟು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.