ಮಗುವಿನ ಕಣ್ಣಿನ ಪೊರೆ ಮತ್ತು ನನ್ನ ರಕ್ತಪರೀಕ್ಷೆ

ನಾನೂ ನನ್ನ ಗಂಡನೂ ಮಗು ಬೇಕು ಅಂತ ಯೋಚನೆ ಮಾಡ್ತಿದ್ದೀವಿ. ಹೋದ ತಿಂಗಳು ಡಾಕ್ಟರು ಒಂದು ರಕ್ತಪರೀಕ್ಷೆ ಬರೆದುಕೊಟ್ರು. ರಿಪೋರ್ಟು ಬಂತು: ನನಗೆ ರುಬೆಲ್ಲಾ ವಿರುದ್ಧ ರೋಗನಿರೋಧಕ ಶಕ್ತಿ ಇಲ್ಲ. ನಾನು ಬಿಕಾಂ ಓದಿದವಳು. ಇದೇನಪ್ಪಾ ಅಂತ ಹುಡುಕೋಕೆ ಕೂತೆ.

ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಅಂತ ಒಬ್ಬ ಕಣ್ಣಿನ ಡಾಕ್ಟರಿದ್ದರು. ವಯಸ್ಸಾದವರಿಗೆ ಬರೋ ಪೊರೆ ಎಳೆಗೂಸುಗಳ ಕಣ್ಣಲ್ಲಿ ಯಾಕಿದೆ ಅನ್ನೋದು ಅವರ ಪ್ರಶ್ನೆ. ಬೇರೆ ಡಾಕ್ಟರುಗಳನ್ನೂ ಕೇಳಿ 78 ಮಕ್ಕಳ ಲೆಕ್ಕ ಸೇರಿಸಿ, 1941ರಲ್ಲಿ ಮಂಡಿಸಿದರು. ಅದರಲ್ಲಿ 68 ತಾಯಂದಿರಿಗೆ ಬಸುರಿಯಾಗಿದ್ದಾಗ ರುಬೆಲ್ಲಾ ಬಂದಿತ್ತು. ಎಷ್ಟೋ ಮಕ್ಕಳ ಹೃದಯದಲ್ಲೂ ದೋಷವಿತ್ತು. ಕಿವುಡುತನದ ವಿಷಯ ಆಮೇಲೆ ಗೊತ್ತಾಯ್ತು.

ಮೂರೂ ಒಟ್ಟಿಗೆ ಯಾಕೆ? ಕಣ್ಣು, ಹೃದಯ, ಒಳಕಿವಿ ಮೊದಲ ಮೂರು ತಿಂಗಳಲ್ಲೇ ರೂಪುಗೊಳ್ಳುತ್ತವೆ. ಆಗ ವೈರಸ್ ಮಾಸು ದಾಟಿ ಒಳಗೆ ಹೋದ್ರೆ ಒಂದೇ ಅಂಗಕ್ಕೆ ನಿಲ್ಲಲ್ಲ. ಅದಕ್ಕೇ ಸ್ಕ್ಯಾನ್‌ನಲ್ಲಿ ಭ್ರೂಣದ ಕಣ್ಣಲ್ಲಿ ಪೊರೆ ಕಂಡ್ರೆ ಡಾಕ್ಟರು ಹೃದಯ, ಮಿದುಳನ್ನೂ ಮತ್ತೊಮ್ಮೆ ನೋಡ್ತಾರೆ. ಎಲ್ಲಾ ಪೊರೆಗೂ ರುಬೆಲ್ಲಾನೇ ಕಾರಣ ಅಲ್ಲ; ವಂಶವಾಹಿ ದೋಷ, ಬೇರೆ ಸೋಂಕು ಇರಬಹುದು. ಸ್ಕ್ಯಾನ್‌ನಲ್ಲಿ ಎಲ್ಲವೂ ಕಾಣೋದೂ ಇಲ್ಲ. ಕಿವುಡುತನ ಹುಟ್ಟಿದ ಮೇಲೇ ಗೊತ್ತಾಗೋದು.

ತಾಯಿಗೆ ಮಾತ್ರ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ. ಕೆಲವರಿಗೆ ಅದೂ ಇರಲ್ಲ.

"ಚಿಕ್ಕವಳಿದ್ದಾಗ ಎಲ್ಲಾ ಚುಚ್ಚಿಸಿದ್ದೀವಲ್ಲೇ" ಅಂದ್ರು ಅಮ್ಮ. ಚುಚ್ಚಿಸಿದ್ದು ನಿಜ. ಆದ್ರೆ ಆಗ ಸರ್ಕಾರಿ ಪಟ್ಟಿಯಲ್ಲಿ ಇದ್ದಿದ್ದು ದಡಾರದ ಲಸಿಕೆ, ರುಬೆಲ್ಲಾದ್ದಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾಯ್ತು, 9 ತಿಂಗಳಿಂದ 15 ವರ್ಷದೊಳಗಿನವರಿಗೆ. ನನ್ನ ತಮ್ಮ ಸ್ಕೂಲಲ್ಲಿ ಹಾಕಿಸಿಕೊಂಡು ಬಂದು ತೋಳು ತೋರಿಸಿದ. ನಾನಾಗ ಕಾಲೇಜಲ್ಲಿದ್ದೆ. ಈಗ ಮಗುವಿನ ಯೋಚನೆಯಲ್ಲಿರೋ ನನ್ನ ವಯಸ್ಸಿನವರು ಎಷ್ಟೋ ಜನ ಹೀಗೇ ಹೊರಗುಳಿದವರು.

ನಾನು ಹೋದ ವಾರ ಲಸಿಕೆ ಹಾಕಿಸಿಕೊಂಡೆ. ಇನ್ನು ಒಂದು ತಿಂಗಳು ಬಸುರಿ ಆಗಬಾರದು ಅಂದಿದ್ದಾರೆ. ಬಸುರಿ ಆದಮೇಲೆ ಈ ಲಸಿಕೆ ಕೊಡಲ್ಲ, ಅದಕ್ಕೇ ಮೊದಲೇ ಕೇಳಬೇಕು.

ಮದುವೆಗೆ ಛತ್ರ, ಸೀರೆ, ಊಟ ಎಲ್ಲಾ ಲೆಕ್ಕ ಹಾಕಿದ್ವಿ. ಇದನ್ನ ಮಾತ್ರ ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ನಿಮಗೆ ಹೇಳ್ತಿದ್ದೀನಿ. ಇವತ್ತೇ ಅಮ್ಮನ ಹತ್ರ ನಿಮ್ಮ ಲಸಿಕೆ ಕಾರ್ಡ್ ಕೇಳಿ. ಮುಂದಿನ ವಾರ ಸಿಗೋಣ.