ಕಡೆಯ ಮನೆಯ ಒಲೆ



ನಾವು ಈ ಊರಿಗೆ ಬಂದು ಇಳಿಯುತ್ತಲೇ ಕೆಲವರು ಒಂದು ಬಿನ್ನಹ ಮಾಡಿಕೊಂಡರು. ಮುಂದಿನ ಜಾತ್ರೆಗೆ ಊರ ಬಾಗಿಲಲ್ಲಿ ದೊಡ್ಡದೊಂದು ವಿದ್ಯುದ್ದೀಪದ ಕಮಾನು ಕಟ್ಟಿಸಬೇಕೆಂದಿದ್ದಾರೆ; ಹಣವೂ ಕೂಡಿದೆ; ನಮ್ಮ ಅಪ್ಪಣೆಯೊಂದು ಆಗಬೇಕಂತೆ. ನಾವು ಆಗ ಏನೂ ಹೇಳಲಿಲ್ಲ. ಎಲ್ಲರೂ ಕೂತಿರುವಾಗ ಹೇಳೋಣವೆಂದು ಸುಮ್ಮನಿದ್ದೆವು. ಅದಕ್ಕೆ ಮೊದಲು ಬೆಳಕಿನ ವಿಚಾರವಾಗಿ ನಾಲ್ಕು ಮಾತು ಆಡಬೇಕಾಗಿದೆ.

ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹಾಗೆ ಕೂಡಿದ ನೀರೇ ಮುಂದೆ ಶಿವನಸಮುದ್ರದಲ್ಲಿ ಧುಮುಕುವುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಮುಗಿದು, 1902ರಲ್ಲಿ ಆ ನೀರಿನಿಂದ ವಿದ್ಯುತ್ತು ಬಂತು. ಅದು ಮೊದಲು ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ. ಆಮೇಲೆ 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ನಮ್ಮ ಸೀಮೆಯನ್ನು ಹಾದುಹೋದ ನೀರು ದೂರದವರಿಗೆ ಬೆಳಕಾಯಿತು. ಇಲ್ಲಿಯ ಹಳ್ಳಿಗಳಲ್ಲಿ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯೇ ಉಳಿಯಿತು. ಗಣಿಯವರು ಹಣ ಕೊಡಬಲ್ಲವರು, ತಂತಿ ಅಲ್ಲಿಗೆ ಹೋಯಿತು. ಹಣ ಇರುವ ಕಡೆಗೇ ತಂತಿ ಹೋಗುವುದು ಅಂದಿನ ಕಾಲಕ್ಕಷ್ಟೇ ಮುಗಿದ ವಿಚಾರವೇನೂ ಅಲ್ಲ.

ಈಗ ಕಂಬವಿಲ್ಲದ ಊರಿಲ್ಲ ಎನ್ನುತ್ತೀರಿ, ನಿಜ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ಟಿನವರೆಗೆ ಮನೆಯ ದೀಪಕ್ಕೆ ದುಡ್ಡೂ ಇಲ್ಲ. ಆದರೆ ರೈತ ಬಂಧುಗಳನ್ನು ಕೇಳುತ್ತೇವೆ: ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಯಾವಾಗ ಬರುತ್ತದೆ? ಸರದಿಯ ಮೇಲೆ ಬರುತ್ತದೆ. ಆ ಸರದಿ ಎಷ್ಟೋ ಸಲ ನಡುರಾತ್ರಿಗೆ ಬೀಳುತ್ತದೆ. ಬಂಡೀಪುರದ ಕಾಡಿಗೆ ಹತ್ತಿರದ ಹಳ್ಳಿಗಳವರು ಆನೆ, ಹುಲಿಯ ಭಯದಲ್ಲಿ ಟಾರ್ಚು ಹಿಡಿದು ನೀರು ಕಟ್ಟಲು ಹೋಗುತ್ತಾರೆ. ಮನೆಯವರು ಬಾಗಿಲಲ್ಲಿ ಕಾಯುತ್ತಾರೆ. ಬಿಟ್ಟಿ ಸಿಕ್ಕರೂ ಹೊತ್ತಿಗೆ ಸಿಗದ ಕರೆಂಟನ್ನು ಏನೆನ್ನಬೇಕು? ಕೇಂದ್ರ ಸರ್ಕಾರ 2019ರಲ್ಲಿ ತಂದ ಕುಸುಮ್ ಯೋಜನೆಯಲ್ಲಿ ಸೂರ್ಯಶಕ್ತಿಯಿಂದ ಹಗಲಿನಲ್ಲೇ ಪಂಪು ನಡೆಸಲು ಅವಕಾಶವುಂಟು. ಗೊತ್ತಿಲ್ಲದವರು ವಿಚಾರಿಸಿಕೊಳ್ಳಿ.

ಇದು ಹೊಲದ ಮಾತಾಯಿತು. ಒಲೆಯ ಮಾತಿಗೆ ನಮ್ಮ ಮಠದ ವಿಚಾರವನ್ನೇ ಹೇಳುತ್ತೇವೆ. ಅದರಲ್ಲಿ ತಪ್ಪು ನಮ್ಮದೇ. ಬಹಳ ವರ್ಷ ದಾಸೋಹದ ಅಡುಗೆ ಸೌದೆಯಲ್ಲೇ ನಡೆಯಿತು. ಬಂದವರೆಲ್ಲ ಉಂಡು, ಪ್ರಸಾದವನ್ನು ಹೊಗಳಿ ಹೋಗುತ್ತಿದ್ದರು. ನಮಗೂ ಅದರಿಂದ ಸಂತೋಷ. ಒಂದು ದಿನ ಪೂಜೆ ಮುಗಿಸಿ ಬರುವಾಗ ಅಡುಗೆಯ ಅಜ್ಜಿಯೊಬ್ಬರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಯಾಕವ್ವ, ಏನು ದುಃಖ?” ಎಂದೆವು. “ಅಳ್ತಿಲ್ಲ ಬುದ್ಧಿ, ಮೂವತ್ತು ವರ್ಷದಿಂದ ಹಿಂಗೇ” ಎಂದರು. ಆ ದಿನ ನಾವು ಅಡುಗೆಮನೆಯ ಒಳಗೆ ಹೋಗಿ ನಿಂತೆವು. ಹಿಟ್ಟು ತೊಳಸುವಷ್ಟು ಹೊತ್ತೂ ನಿಲ್ಲಲಾಗಲಿಲ್ಲ. ಹೊರಗೆ ಬಂದು ಕೆಮ್ಮುತ್ತ ನಿಂತಾಗ ಆ ತಾಯಿ ನಮಗೇ ನೀರು ತಂದುಕೊಟ್ಟರು. ಮೂವತ್ತು ವರ್ಷ ಅವರ ಕೈಯ ಅಡುಗೆ ಉಂಡಿದ್ದೆವು, ಒಂದು ಸಲವೂ ಒಳಗೆ ಹೋಗಿ ನೋಡಿರಲಿಲ್ಲ. ದಾಸೋಹದ ಮೇಲೆ ಎಷ್ಟು ಪ್ರವಚನ ಮಾಡಿದ್ದೆವೋ ಲೆಕ್ಕವಿಲ್ಲ! ಮುಂದೆ ಗ್ಯಾಸು ತರಿಸಿದೆವು, ಹಬೆಯಲ್ಲಿ ಅನ್ನ ಮಾಡುವ ಪಾತ್ರೆಗಳನ್ನು ತರಿಸಿದೆವು. ಅಷ್ಟರಲ್ಲಿ ಅಜ್ಜಿಗೆ ಒಂದು ಕಣ್ಣು ಪೂರ್ತಿ ಮಂಜಾಗಿತ್ತು.

ಇದು ನಮ್ಮ ಮಠದಲ್ಲಷ್ಟೇ ನಡೆದದ್ದಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಎಲ್ಲರಿಗೂ ಕೈಗೆಟಕುವ, ನಂಬಿಕೆಯ, ಶುದ್ಧ ಶಕ್ತಿ 2030ರೊಳಗೆ ಸಿಗಬೇಕೆಂದು ವಿಶ್ವಸಂಸ್ಥೆಯಲ್ಲಿ ರಾಷ್ಟ್ರಗಳೆಲ್ಲ 2015ರಲ್ಲೇ ಒಪ್ಪಿದವು. ಆದರೂ 2023ರಲ್ಲಿ 66 ಕೋಟಿಗೂ ಮಿಕ್ಕಿ ಜನರಿಗೆ ವಿದ್ಯುತ್ತಿರಲಿಲ್ಲ. ಹೊಗೆಯಿಲ್ಲದ ಒಲೆ ಇಲ್ಲದವರು ಸುಮಾರು 210 ಕೋಟಿ. ದೀಪ ಕಾಣದವರಿಗಿಂತ ಹೊಗೆ ಕುಡಿಯುವವರು ಮೂರು ಪಟ್ಟು. ದೀಪವಾದರೆ ಬೀದಿಗೆ ಕಾಣುತ್ತದೆ, ಒಲೆ ಯಾರಿಗೆ ಕಾಣುತ್ತದೆ?

ಉಜ್ವಲ ಯೋಜನೆ 2016ರಲ್ಲಿ ಬಂದು ಬಡವರ ಮನೆಗೂ ಸಿಲಿಂಡರು ಬಂತು, ಒಳ್ಳೆಯದಾಯಿತು. ಆದರೆ ಅನೇಕ ಮನೆಗಳಲ್ಲಿ ನಾವು ಕಂಡದ್ದು ಬೇರೆ. ಕಾಫಿಗೆ, ನೆಂಟರು ಬಂದಾಗ ಗ್ಯಾಸು. ಹಿಟ್ಟಿಗೆ, ಹಂಡೆ ನೀರಿಗೆ ಸೌದೆ. ಎರಡನೆಯ ಸಿಲಿಂಡರಿಗೆ ಕೂಲಿಯವರ ಕೈಯಲ್ಲಿ ಒಟ್ಟಿಗೆ ಅಷ್ಟು ಹಣ ಇರುವುದಿಲ್ಲ. ಸೌದೆಗೆ ದುಡ್ಡಿಲ್ಲ, ಹೆಂಗಸಿನ ಬೆನ್ನಿಗೆ ಲೆಕ್ಕವಿಲ್ಲ.

ಹಿಂದೆ ಇದಕ್ಕೆ ತಲೆಕೆಡಿಸಿಕೊಂಡವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಹೊಗೆಕೊಳವೆಯಿದ್ದು ಸೌದೆ ಉಳಿಸುವ ಅಸ್ತ್ರ ಒಲೆ ಅಲ್ಲಿಂದ ಬಂದದ್ದು. ಕೊಳವೆಯ ಮಸಿ ತೆಗೆಯದೆ ಬಿಟ್ಟರೆ ಹೊಗೆ ತಿರುಗಿ ಮನೆಗೇ ಬರುತ್ತದೆ ಎಂಬುದೂ ನೆನಪಿರಲಿ. ಅವರೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಮಾಡಿದರು. ಮೊದಲು ಅಡುಗೆಗೆಂದು ಹೊರಟರು; ಅಷ್ಟು ಸಗಣಿ ಒದಗಲಿಲ್ಲ, ಕೆಲಸ ನಿಂತಿತು. ಆಮೇಲೆ ಊರಿನವರನ್ನೇ ಕೇಳಿದಾಗ ಕುಡಿಯುವ ನೀರು ಮೊದಲು ಬೇಕೆಂದರು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ನಡೆಸಿ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟರು. ಸಗಣಿ ತಂದವರಿಗೆ ಹಣ ಸಿಕ್ಕಿತು, ಗೊಬ್ಬರವೂ ತಿರುಗಿ ಸಿಕ್ಕಿತು. ಊರು ತಾನೇ ನಿಂತು ಕೆಲಸ ನಡೆಸುವುದು ತಗಡೂರಿಗೆ ಹೊಸದಲ್ಲ. ಸ್ವಾತಂತ್ರ್ಯದ ಹೋರಾಟದ ದಿನಗಳಲ್ಲಿ ತಗಡೂರು ರಾಮಚಂದ್ರರಾಯರು ನೂಲುವ ಕೆಲಸವನ್ನು ಮನೆಮನೆಗೆ ಮುಟ್ಟಿಸಿದ್ದನ್ನು ನಿಮ್ಮ ಹಿರಿಯರು ಹೇಳಿರುತ್ತಾರೆ.

ಈಗ ಕಮಾನಿನ ಮಾತು. ಬೇಡವೇ ಬೇಡವೆಂದು ನಾವು ಹೇಳುವುದಿಲ್ಲ. ಈ ವರ್ಷ ಬೇಡ. ಕೂಡಿರುವ ಹಣ ಹಾಗೇ ಇರಲಿ. ಈ ಊರಿನಲ್ಲಿ ಹೊಗೆಯ ಒಲೆ ಎಷ್ಟು, ಯಾರಿಗೆ ಎರಡನೆಯ ಸಿಲಿಂಡರಿನ ತೊಂದರೆ, ಯಾರಿಗೆ ಕೊಳವೆಯ ಒಲೆ ಸಾಕು, ಯಾರ ಕೊಟ್ಟಿಗೆಯಲ್ಲಿ ಗೋಬರ್ ಗ್ಯಾಸಿಗೆ ಬೇಕಾದಷ್ಟು ದನವಿದೆ, ಇದೊಂದು ಪಟ್ಟಿಯಾಗಬೇಕು. ಯಾವ ಕೇರಿಯನ್ನೂ ಬಿಡಕೂಡದು. ಊರ ಕಡೆಯ ಮನೆಯಿಂದಲೇ ಮೊದಲು ಮಾಡಿ. ಗಂಡಸರು ಜಗುಲಿಯಲ್ಲಿ ಕೂತು ಬರೆದ ಪಟ್ಟಿ ನಮಗೆ ಬೇಡ. ತಾಯಂದಿರು ಒಳಗೆ ಹೋಗಿ ಒಲೆ ನೋಡಿ ಬರೆಯಿಸಲಿ. ಅಮಾವಾಸ್ಯೆಗೆ ಮಠಕ್ಕೆ ಬರುವವರು ತಂದುಕೊಟ್ಟರೆ ಸಾಕು. ಹಣ ಕಡಿಮೆ ಬಿದ್ದರೆ ಮಠ ಸೇರಿಸುತ್ತದೆ.

ಹೊತ್ತಾಯಿತು, ಪ್ರಸಾದಕ್ಕೆ ಏಳಿ. ಅಡುಗೆ ಮಾಡಿದವರು ಇನ್ನೂ ಒಳಗೇ ಇದ್ದಾರೆ. ಅವರನ್ನೂ ಈ ಪಂಕ್ತಿಯಲ್ಲೇ ಕೂರಿಸಿ.